ಆಳಂದ ತಾಲ್ಲೂಕಿನ ಸರಸಂಬಾಕ್ಕೆ ಇನ್ನೊಂದು ಆರೋಗ್ಯ ಸಮೀಕ್ಷೆ ಬೇಕೇ?

ಪರ

ಸಮೀಕ್ಷೆಯವರು ಕೇಳಿದ್ದು ಸೊಸೆಯನ್ನು, ಉತ್ತರ ಬರುವುದು ಹೊಸ್ತಿಲಲ್ಲಿ ಕೂತ ಅತ್ತೆಯಿಂದ: "ಆಕಿಗೇನಾಗ್ಯದ್ರೀ, ಛಲೋ ಅದಾಳ." ಅವಸರದವರು ಅಷ್ಟನ್ನೇ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಕಸುಬು ಬಲ್ಲ ಸಂಶೋಧಕಿ ಸೊಸೆ ನೀರಿಗೆ ಹೊರಡುವ ತನಕ ಕಾಯ್ದು, ಜೊತೆಗೆ ನಡೆಯುತ್ತಾಳೆ. ಒಂದೇ ಸೂರಿನಡಿ ಗಂಡಸಿನ ಜ್ವರಕ್ಕೆ ಸೊಲ್ಲಾಪುರದ ಆಸ್ಪತ್ರೆ, ಹೆಂಗಸಿನ ಸುಸ್ತಿಗೆ ಒಂದು ಕಪ್ಪು ಚಹಾ ಎಂಬುದು ಹೊರಬೀಳುವುದು ಆ ದಾರಿಯಲ್ಲಿ.

ಕೊಪ್ಪಳ ಜಿಲ್ಲೆಯ 60 ಹಳ್ಳಿಗಳಲ್ಲಿ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಇಂಥದ್ದನ್ನೇ ಬಯಲಿಗೆ ತಂದಿತು: ಕಾಯಿಲೆಗೆ ಔಷಧ ಮಾಡಿಸದೆ, ಇಲ್ಲವೇ ಅರ್ಧಕ್ಕೆ ಬಿಟ್ಟು ಸಹಿಸಿಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಎಂದಿತು. ಆ ಲೆಕ್ಕ ಜಿಲ್ಲೆಯವರೆಗೆ ಇಳಿಯುತ್ತದೆ, ಊರಿನವರೆಗೆ ಇಲ್ಲ. ಸರಸಂಬಾದ ಯಾವ ಓಣಿಯಲ್ಲಿ ರಕ್ತ ಕಡಿಮೆ ಎಂದು ತಿಳಿಯಲು ಆ ಓಣಿಗೇ ಹೋಗಬೇಕು.

ವಿರೋಧ

ಆಳಂದ, ಅಫಜಲಪುರ, ಜೇವರ್ಗಿ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಬರೆದಿಟ್ಟಿತು. ರಾಜ್ಯದ ಅಂಥ 39 ತಾಲ್ಲೂಕುಗಳಲ್ಲಿ 21 ಆಗಿನ ಗುಲಬರ್ಗಾ (ಈಗಿನ ಕಲಬುರಗಿ) ವಿಭಾಗದವೇ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯೂ ಬಂದಾಯಿತು. ರೋಗ ಯಾವುದೆಂದು ಗೊತ್ತಿದ್ದೂ ನಾಡಿ ಹಿಡಿಯುತ್ತಲೇ ಕೂತರೆ ಮದ್ದು ಕೊಡುವವರು ಯಾರು?

ತೊಗರಿ ರಾಶಿಯ ಹೊತ್ತಿಗೇ ಸಮೀಕ್ಷೆಯವರು ಬರುತ್ತಾರೆ. ತಲೆತುಂಬ ಹೊಟ್ಟು ಮೆತ್ತಿಕೊಂಡವಳನ್ನು ಕೂರಿಸಿ ಉದ್ದನೆಯ ಫಾರ್ಮು ತುಂಬಿಸುತ್ತಾರೆ. ಆ ಹೊತ್ತಿನ ಕೂಲಿ ಅವರ ಲೆಕ್ಕದಲ್ಲಿಲ್ಲ. ಹೆಬ್ಬೆಟ್ಟು ಒತ್ತಿದ ಒಪ್ಪಿಗೆ ಪತ್ರದಲ್ಲಿ ಏನಿದೆ ಎಂದು ಅವಳನ್ನೇ ಕೇಳಿ ನೋಡಿ. ವರದಿ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ, ಯಾರಿಗೋ ಡಾಕ್ಟರೇಟ್ ಸಿಗುತ್ತದೆ (ಸಿಗಲಿ, ಹೊಟ್ಟೆಕಿಚ್ಚಿಲ್ಲ). "ಬರ್ಕೊಂಡು ಹೋಗ್ತೀರಿ, ಹೊಳ್ಳಿ ಬಂದು ಹೇಳೋರು ಯಾರ್ರಿ?" ಎಂದು ಅವಳು ಕೇಳಿದರೆ ಫಾರ್ಮಿನಲ್ಲಿ ಅದಕ್ಕೊಂದು ಕಾಲಂ ಇರುವುದಿಲ್ಲ. ಸಂಶೋಧನೆಯ ಫಲ ಸಮುದಾಯಕ್ಕೂ ಮುಟ್ಟಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯಲ್ಲೇ ಹೇಳಿದೆ.

2019–21ರ ಕುಟುಂಬ ಆರೋಗ್ಯ ಸಮೀಕ್ಷೆಯವರಾದರೂ ಬೆರಳು ಚುಚ್ಚಿದ ಮೇಲೆ ರಕ್ತದ ಅಂಕಿಯನ್ನು ಅವಳಿಗೇ ಹೇಳಿ ಹೋಗುತ್ತಿದ್ದರು. ಉಳಿದವರಿಗೇನು ಅಡ್ಡಿ? 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯ ಈಗ ಇರುವ ಕಡಗಂಚಿ ಇದೇ ಆಳಂದ ತಾಲ್ಲೂಕಿನದು. ಅಲ್ಲಿಂದ ಇನ್ನೊಮ್ಮೆ ಬಸ್ಸು ಹತ್ತುವುದು ದೊಡ್ಡ ಮಾತಲ್ಲ. ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುವ ದಿನ ಮೊದಲು ಗೊತ್ತುಮಾಡಲಿ, ಆಮೇಲೆ ಚೀಲದಿಂದ ಫಾರ್ಮು ತೆಗೆಯಲಿ.