ಚಪ್ಪಾಳೆ ನಿಲ್ಲಿಸಿ, ಟೇಪು ತನ್ನಿ

ಒಲಿಂಪಿಕ್ಸ್ ಚಿನ್ನಕ್ಕೆ 75 ಲಕ್ಷ. ಪ್ಯಾರಾಲಿಂಪಿಕ್ಸ್ ಚಿನ್ನಕ್ಕೂ 75 ಲಕ್ಷ. ಸ್ಪೆಷಲ್ ಒಲಿಂಪಿಕ್ಸ್ ಚಿನ್ನಕ್ಕೆ 5 ಲಕ್ಷ. ಕೇಂದ್ರ ಕ್ರೀಡಾ ಸಚಿವಾಲಯ 2015ರಲ್ಲಿ ಪರಿಷ್ಕರಿಸಿದ ನಗದು ಬಹುಮಾನದ ಪಟ್ಟಿಯಲ್ಲಿದ್ದ ದರ ಇದು. ಬೌದ್ಧಿಕ ವೈಕಲ್ಯವಿರುವ ಹುಡುಗಿ ಜಾಗತಿಕ ಕೂಟದಲ್ಲಿ ಮೊದಲು ಬಂದರೆ ಅವಳಿಗೆ ಹದಿನೈದರಲ್ಲಿ ಒಂದು ಪಾಲು! ಇಂಥ ಪಟ್ಟಿ ಬರೆಯುವವರು ಯಾರನ್ನೂ ಬಯ್ಯುವುದಿಲ್ಲ. ವೇದಿಕೆ ಹತ್ತಿದರೆ ‘ದಿವ್ಯಾಂಗರು’ ಎನ್ನುತ್ತಾರೆ, ‘ವಿಶೇಷ ಮಕ್ಕಳು’ ಎನ್ನುತ್ತಾರೆ. ಮೀಸೆ ನರೆತವನೂ ಅವರ ಪಾಲಿಗೆ ಮಗುವೇ.

ನಾನಿರುವ ಗುರುಗ್ರಾಮದಲ್ಲಿ ಈ ಅವಮಾನವನ್ನು ಹತ್ತಿರದಿಂದ ಕಂಡಿದ್ದೇನೆ. ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಗಣರಾಜ್ಯೋತ್ಸವದ ಆಟೋಟ. ಹುಲ್ಲಿನ ಮೇಲೆ ಬೊಚ್ಚೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೊದಲು ‘ಪಲ್ಲೀನಾ’ ಎಂಬ ಪುಟ್ಟ ಚೆಂಡನ್ನು ಉರುಳಿಸುತ್ತಾರೆ; ಆಮೇಲೆ ಎರಡೂ ಕಡೆಯವರು ನಾಲ್ಕು ನಾಲ್ಕು ದೊಡ್ಡ ಚೆಂಡುಗಳನ್ನು ಅದರ ಹತ್ತಿರಕ್ಕೆ ಉರುಳಿಸಬೇಕು. ಯಾರ ಚೆಂಡು ಹತ್ತಿರವೋ ಅವರಿಗೆ ಅಂಕ. ಕಣ್ಣಳತೆಗೆ ಗೊತ್ತಾಗದಿದ್ದರೆ ರೆಫ್ರಿ ಟೇಪು ಹಿಡಿದು ಕೂರುತ್ತಾನೆ. ಅಂದು ಬೌದ್ಧಿಕ ವೈಕಲ್ಯವಿರುವ ಇಪ್ಪತ್ತೆರಡರ ತರುಣನೊಬ್ಬನ ಕೆಂಪು ಚೆಂಡು ಎದುರಾಳಿಯ ಹಸಿರು ಚೆಂಡಿಗಿಂತ ಕೂದಲೆಳೆಯಷ್ಟು ಹತ್ತಿರ ನಿಂತಿತ್ತು. ರೆಫ್ರಿಯಾಗಿ ನಿಂತಿದ್ದ ಹಿರಿಯರು ಬಗ್ಗಿ ನೋಡಲೂ ಇಲ್ಲ. ‘ಸಬ್ ಜೀತ್ ಗಯೇ!’ ಎಂದು ಇಬ್ಬರಿಗೂ ಚಾಕೊಲೇಟು ಕೊಟ್ಟು ಫೋಟೊಗೆ ನಿಲ್ಲಿಸಿದರು. ಆ ತರುಣ ಚೆಂಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತವನು ಏಳಲೇ ಇಲ್ಲ. ಎರಡು ಬೆರಳಿನ ಸಂದಿಯಲ್ಲಿ ಅಂತರ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದ. ‘ಬಾವಳಾ ಹೈ’, ಹುಚ್ಚ, ಎಂದು ಹಿಂದಿನಿಂದ ಯಾರೋ ನಕ್ಕರು. ಧಾರವಾಡದ ಕಡೆಯ ಅವನ ತಾಯಿ ನನ್ನತ್ತ ತಿರುಗಿ ಹೇಳಿದರು: ‘ಅವಂಗ ಚಪ್ಪಾಳಿ ಬ್ಯಾಡ್ರೀ. ಅಳತಿ ಮಾಡ್ರಿ ಅಂತ ಹೇಳ್ರಿ ಅವ್ರಿಗೆ.’

ಆ ಹಿರಿಯರು ದಯೆ ತೋರಿಸಿದೆ ಎಂದುಕೊಂಡರು. ನಾನು ಅದನ್ನು ಕಳ್ಳತನ ಎನ್ನುತ್ತೇನೆ. ಗೆದ್ದವನ ಗೆಲುವನ್ನು ಎಲ್ಲರೆದುರು ಕಿತ್ತುಕೊಂಡು ಕೈಗೆ ಮಿಠಾಯಿ ಇಟ್ಟರು.

ಸ್ಪೆಷಲ್ ಒಲಿಂಪಿಕ್ಸ್ ಹೀಗೆ ನಡೆಯುವುದಿಲ್ಲ. ಯೂನಿಸ್ ಕೆನಡಿ ಶ್ರೈವರ್ 1968ರ ಜುಲೈನಲ್ಲಿ ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ಇದನ್ನು ಆರಂಭಿಸಿದರು. ಅಲ್ಲಿ ವಯಸ್ಸು ನೋಡುತ್ತಾರೆ, ಗಂಡು–ಹೆಣ್ಣು ನೋಡುತ್ತಾರೆ, ಪ್ರಾಥಮಿಕ ಸುತ್ತಿನಲ್ಲಿ ಪ್ರತಿಯೊಬ್ಬರ ಸಾಮರ್ಥ್ಯ ಅಳೆದು ಸರಿಸಮರನ್ನು ಒಂದು ಗುಂಪಿಗೆ ಹಾಕುತ್ತಾರೆ. ಪ್ರಾಥಮಿಕದಲ್ಲಿ ಬೇಕೆಂದೇ ನಿಧಾನವಾಗಿ ಓಡಿ, ಫೈನಲ್‌ನಲ್ಲಿ ಸುಮಾರು ಶೇಕಡಾ 15ಕ್ಕಿಂತ ಹೆಚ್ಚು ವೇಗ ತೋರಿಸಿದರೆ ಅನರ್ಹಗೊಳಿಸುವ ನಿಯಮವೂ ಇದೆ. ಮೋಸ ಮಾಡಬಲ್ಲ, ಹಟ ಹಿಡಿಯಬಲ್ಲ ಪೂರ್ಣ ಮನುಷ್ಯ ಎಂದು ನಂಬಿದವರಷ್ಟೇ ಇಂಥ ನಿಯಮ ಬರೆಯುತ್ತಾರೆ. ‘ಗುಂಪು ಮಾಡಿ ಕೊಟ್ಟ ಪದಕಕ್ಕೆ ಬೆಲೆಯೆಷ್ಟು’ ಎಂದು ಕೇಳುವವರು ಈ ಹರಿಯಾಣದ ಅಖಾಡಗಳಿಗೇ ಹೋಗಿ ಕೇಳಲಿ. 57 ಕಿಲೋ ವರ್ಗದ ಕುಸ್ತಿಪಟುವಿನ ಚಿನ್ನ 97 ಕಿಲೋ ವರ್ಗದವನ ಚಿನ್ನಕ್ಕಿಂತ ಕಡಿಮೆ ಎಂದು ಅಲ್ಲಿ ಬಾಯಿಬಿಟ್ಟು ನೋಡಲಿ. 2023ರ ಬರ್ಲಿನ್ ಸ್ಪೆಷಲ್ ಒಲಿಂಪಿಕ್ಸ್ ಕೂಟದಿಂದ ಭಾರತದ ತಂಡ 202 ಪದಕ ತಂದಿತು, ಅದರಲ್ಲಿ 76 ಚಿನ್ನ. ಅವರಲ್ಲಿ ಒಬ್ಬರ ಹೆಸರು ನಿಮಗೆ ಗೊತ್ತೇ?

ಹೆಸರು ಗೊತ್ತಿಲ್ಲ, ಬೈಗುಳ ಗೊತ್ತು. ನಮ್ಮ ಕನ್ನಡದ ರಾಜಕಾರಣಿಗೆ ಎದುರಾಳಿಯನ್ನು ಹಳಿಯಬೇಕಾದರೆ ‘ಬುದ್ಧಿಮಾಂದ್ಯ’ ಬೇಕು, ಟಿವಿ ಚರ್ಚೆಗೆ ‘ಹುಚ್ಚ’ ಬೇಕು, ಗೆಳೆಯರ ಗುಂಪಿಗೆ ‘ಮೆಂಟ್ಲು’ ಬೇಕು. ಪಾಗಲ್, ಸಿರ್‌ಫಿರಾ ಮುಂತಾದ ಮಾತುಗಳನ್ನು ಪ್ರಚಾರದಲ್ಲಿ ಬಳಸಬೇಡಿ ಎಂದು ಚುನಾವಣಾ ಆಯೋಗವೇ 2023ರ ಡಿಸೆಂಬರ್‌ನಲ್ಲಿ ಪಕ್ಷಗಳಿಗೆ ಬುದ್ಧಿ ಹೇಳಬೇಕಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ, ವೈಕಲ್ಯವಿರುವವರನ್ನು ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆ. ಕಾಯ್ದೆ ಪುಸ್ತಕದಲ್ಲಿದೆ, ಬೈಗುಳ ಬೀದಿಯಲ್ಲಿದೆ. 2011ರ ಜನಗಣತಿ ಬೌದ್ಧಿಕ ವೈಕಲ್ಯವಿರುವ 15 ಲಕ್ಷಕ್ಕೂ ಹೆಚ್ಚು ಜನರನ್ನು ಎಣಿಸಿತು. ಒಂದೊಂದು ಬೈಗುಳವೂ ಅಷ್ಟು ಮನೆಗಳ ಒಳಕ್ಕೆ ನುಗ್ಗುತ್ತದೆ.

ತೆಲಂಗಾಣದ ಕಲ್ಲೆಡ ಎಂಬ ಹಳ್ಳಿಯಲ್ಲಿ ಕೂಲಿಕಾರರ ಮಗಳನ್ನು ಊರವರು ‘ಪಿಚ್ಚಿ’ (ಹುಚ್ಚಿ), ‘ಕೋತಿ’ ಎಂದು ಕರೆದರು. ಅವಳೇ ದೀಪ್ತಿ ಜೀವಾಂಜಿ. 2024ರ ಮೇ ತಿಂಗಳಲ್ಲಿ ಕೋಬೆಯಲ್ಲಿ ನಡೆದ ವಿಶ್ವ ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ ಬೌದ್ಧಿಕ ವೈಕಲ್ಯವಿರುವವರ ಟಿ20 ವರ್ಗದ 400 ಮೀಟರ್ ಓಟವನ್ನು 55.07 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದಳು. ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಕಂಚು. ಊರಿನ ನಾಲಿಗೆ ಅಳೆಯದೆ ತೀರ್ಪು ಕೊಟ್ಟಿತ್ತು, ಗಡಿಯಾರ ಸೆಕೆಂಡಿನ ನೂರನೇ ಭಾಗದವರೆಗೆ ಅಳೆಯಿತು. ಆದರೆ ಆ ಟಿ20 ಎಂಬ ವರ್ಗಕ್ಕೇ ಬಾಗಿಲು ಹಾಕಿದ್ದ ಕಾಲವೊಂದಿತ್ತು. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಚಿನ್ನ ಗೆದ್ದ ಸ್ಪೇನ್ ತಂಡದ 12 ಮಂದಿಯಲ್ಲಿ 10 ಮಂದಿಗೆ ಯಾವ ಬೌದ್ಧಿಕ ವೈಕಲ್ಯವೂ ಇರಲಿಲ್ಲ. ಕಳ್ಳಾಟ ಆಡಿದವರು ಜಾಣರು. ಶಿಕ್ಷೆ ಬಿದ್ದದ್ದು ಜಗತ್ತಿನ ಎಲ್ಲ ಬೌದ್ಧಿಕ ವೈಕಲ್ಯದ ಕ್ರೀಡಾಪಟುಗಳಿಗೆ. 2012ರ ಲಂಡನ್‌ವರೆಗೆ ಅವರು ಪ್ಯಾರಾಲಿಂಪಿಕ್ಸ್‌ನ ಹೊರಗೆ ನಿಂತರು. ಅವರ ಓಟದ ವಯಸ್ಸು ಹಾಗೆಯೇ ಕಳೆದುಹೋಯಿತು, ಅದನ್ನು ಯಾರು ತುಂಬಿಕೊಟ್ಟರು?

ಬಾಗಿಲು ಹಾಕುವ ಕಥೆ ನಮ್ಮೂರಿನ ಹೆಸರಲ್ಲೇ ಇದೆ. 2016ರಲ್ಲಿ ಗುಡಗಾಂವ್ ‘ಗುರುಗ್ರಾಮ’ ಆಯಿತು. ಗುರು ಎಂದರೆ ದ್ರೋಣ. ಇದೇ ಊರಿನ ಖಾಂಡ್ಸಾದಲ್ಲಿ ಏಕಲವ್ಯನಿಗೊಂದು ಸಣ್ಣ ಗುಡಿಯಿದೆ. ಬೆರಳು ಕೊಟ್ಟದ್ದು ಅಲ್ಲೇ ಎಂದು ಜನ ನಂಬುತ್ತಾರೆ. ಕಲಿಸಲು ಒಪ್ಪದೆ, ತಾನೇ ಕಲಿತವನ ಬೆರಳು ಕೇಳಿದವನ ಹೆಸರನ್ನು ನಗರಕ್ಕೆ ಇಟ್ಟರು, ದೇಶದ ಕೋಚ್‌ಗಳ ಪ್ರಶಸ್ತಿಗೂ ಇಟ್ಟರು. ‘ಬೆರಳ್‌ಗೆ ಕೊರಳ್’ ನಾಟಕ ಬರೆದ ಕುವೆಂಪು ಅವರ ನುಡಿಯಲ್ಲಿ ಬೆಳೆದ ನನಗೆ ಈ ಹೆಸರನ್ನು ತಲೆಬಾಗಿ ಉಚ್ಚರಿಸಲು ಸಾಧ್ಯವಿಲ್ಲ.

ಹರಿಯಾಣ ಸರ್ಕಾರ ಒಲಿಂಪಿಕ್ಸ್ ಚಿನ್ನಕ್ಕೆ 6 ಕೋಟಿ ಕೊಡುತ್ತದೆ, ಕೊಡಲಿ. ಅದೇ 2016ರ ಕಾಯ್ದೆಯ 30ನೇ ಸೆಕ್ಷನ್ ವೈಕಲ್ಯವಿರುವವರಿಗೆ ಕ್ರೀಡೆಯಲ್ಲಿ ಪಾಲ್ಗೊಳ್ಳುವ ಅವಕಾಶ ಒದಗಿಸುವುದು ಸರ್ಕಾರದ ಹೊಣೆ ಎನ್ನುತ್ತದೆ. ಬೊಚ್ಚೆ ಅಂಕಣಕ್ಕೆ ಅರವತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಜಾಗ ಸಾಕು. ಇಲ್ಲಿನ ತಾಊ ದೇವಿಲಾಲ್ ಕ್ರೀಡಾಂಗಣದಲ್ಲಿ ಅಷ್ಟು ಜಾಗವನ್ನು ವರ್ಷವಿಡೀ ಬೌದ್ಧಿಕ ವೈಕಲ್ಯವಿರುವವರಿಗೆ ಬಿಡಿ. ಸಂಬಳದ ಕೋಚ್ ಇಡಿ, ಕೈಯಲ್ಲಿ ಟೇಪು ಇರಲಿ. ಸೋತವರಿಗೆ ಸೋತಿರಿ ಎಂದು ನೇರವಾಗಿ ಹೇಳುವವರಿರಲಿ. ಬಸ್ಸು ಕಳಿಸಿ. ಅದು ಗಾಲ್ಫ್ ಕೋರ್ಸ್ ರಸ್ತೆಯ ಗೇಟುಗಳ ಮುಂದಷ್ಟೇ ನಿಲ್ಲದೆ ಚಕ್ಕರ್‌ಪುರ, ನಾಥೂಪುರದ ಓಣಿಗಳಿಗೂ ಹೋಗಲಿ. ಅಲ್ಲಿ ನಮ್ಮ ಮನೆಗಳ ಪಾತ್ರೆ ತಿಕ್ಕಲು ಬರುವ ಹೆಂಗಸರು ಇಂಥ ಮಕ್ಕಳನ್ನು ಬಾಡಿಗೆ ಕೋಣೆಯೊಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಬರುತ್ತಾರೆ.