ದೀಪ ಉರಿದರೆ ಬಾವಿಗೆ ಇಳಿಯಬಹುದೇ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಆದರೆ ಗಣಿಯೊಳಗೆ ಜೀವ ತೆಗೆಯುವ ಅನಿಲಗಳೇ ಪಾಳು ಬಾವಿ, ಗೋಬರ್ ಗ್ಯಾಸ್ ಗುಂಡಿಗಳಲ್ಲೂ ಸೇರಿಕೊಳ್ಳಬಹುದು.

ಇಳಿಯುವ ಮುನ್ನ ದೀಪ ಇಳಿಬಿಟ್ಟು ನೋಡುವುದನ್ನು ನಾವು ಬರೀ ಮೂಢನಂಬಿಕೆ ಎನ್ನಲಾರೆವು. ಆಮ್ಲಜನಕ ಸುಮಾರು ಶೇ. 16ಕ್ಕೆ ಕುಸಿದರೆ ದೀಪ ಆರುತ್ತದೆ, ನಿಜ. ಆದರೆ ಉರಿಯುವ ದೀಪ ಸುರಕ್ಷತೆಯ ಗುರುತಲ್ಲ. ಕೊಲ್ಲುವಷ್ಟು ಹೈಡ್ರೋಜನ್ ಸಲ್ಫೈಡ್ ಇದ್ದರೂ ಅದು ಉರಿಯುತ್ತಲೇ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆಯನ್ನೂ ನೆಚ್ಚುವಂತಿಲ್ಲ: ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ 100 ಭಾಗ ದಾಟಿದರೆ ಮೂಗೇ ಮರಗಟ್ಟುತ್ತದೆ.

ಗೋಬರ್ ಗ್ಯಾಸ್ ಗುಂಡಿಗಂತೂ ಬೆಂಕಿ ಒಯ್ಯಲೇಬಾರದು. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಸಿಡಿಯುತ್ತದೆ. ಹಂಫ್ರಿ ಡೇವಿ 1815ರಲ್ಲಿ ಗಣಿದೀಪಕ್ಕೆ ತಂತಿಬಲೆ ಸುತ್ತಿದ್ದು ಇದಕ್ಕೇ.

ಒಳಗೆ ಯಾರಾದರೂ ಕುಸಿದರೆ ಬೆನ್ನಿಗೇ ಇಳಿಯಬೇಡಿ. 112ಕ್ಕೆ ಕರೆ ಮಾಡಿ.