ನೋವಾದ್ರೆ ತಾಕತ್ತು ಬಂತು ಅಂತಲ್ಲ!

ನಮ್ಮ ಬಾಗಲಕೋಟೆ ಕಡೆ ಒಂದು ಸಿದ್ಧಾಂತ ಇದೆ: "ಚುಚ್ಚಿದ ಕಡೆ ನೋಯ್ಲಿಲ್ಲ ಅಂದ್ರ ಔಷಧ ಹತ್ತಿಲ್ಲ!" ಬಾದಾಮಿ, ಹುನಗುಂದ, ಇಳಕಲ್ಲು, ಎಲ್ಲಿ ಹೋದ್ರೂ ಇದೇ ಮಾತು. ಗುಳಿಗೆ ಕೊಟ್ರೆ ಅರ್ಧ ಡಾಕ್ಟ್ರು, ಸೂಜಿ ಮಾಡಿದ್ರೆ ಪೂರ್ತಿ ಡಾಕ್ಟ್ರು, ಸಲೈನ್ ಹಚ್ಚಿದ್ರಂತೂ ಸಾಕ್ಷಾತ್ ಧನ್ವಂತರಿ. ಈಗ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ. ಅಂಗಡಿಯಿಂದ ಬಿ12 ಆಂಪೂಲು, ಸಿರಿಂಜು ತಂದು ಮನೆಯಲ್ಲೇ ತಾವೇ ಚುಚ್ಚಿಕೊಳ್ಳೋದು. ಮರುದಿನ ತೋಳು ಎತ್ತೋಕೆ ಆಗದಿದ್ರೆ "ಭಾರಿ ಪವರ್ ಐತಿ ನೋಡ್ರಿ" ಅಂತ ಹೆಮ್ಮೆ ಬೇರೆ!

ಅಲ್ಲಾ ಸ್ವಾಮಿ, ನೋವಿಗೂ ತಾಕತ್ತಿಗೂ ಏನು ಸಂಬಂಧ? ಮಾಂಸಖಂಡದೊಳಗೆ ಸೂಜಿ ತೂರಿ, ಒಂದೆರಡು ಎಂ.ಎಲ್. ದ್ರವವನ್ನ ಗಡಿಬಿಡಿಯಲ್ಲಿ ಒತ್ತಿದ್ರೆ ನೋಯದೆ ಇನ್ನೇನು? ಸ್ಪಿರಿಟ್ ಒಣಗೋ ಮುಂಚೆ ಚುಚ್ಚಿದ್ರೆ ಉರಿಯುತ್ತೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದ್ರೆ ಗಂಟಾಗುತ್ತೆ. ಇದನ್ನ ಔಷಧದ ಗುಣ ಅನ್ನೋದು, ಪ್ರೋಗ್ರಾಮಿನ ಬಗ್ಗನ್ನೇ ಫೀಚರ್ ಅಂತ ಮಾರಿದ ಹಾಗೆ.

ಸ್ವಲ್ಪ ಲೆಕ್ಕ ಹಾಕೋಣ. ದಿನಕ್ಕೆ ಬೇಕಾದ ಬಿ12 ಸುಮಾರು ಎರಡು, ಎರಡೂವರೆ ಮೈಕ್ರೋಗ್ರಾಂ. ಆಂಪೂಲಿನಲ್ಲಿ ಇರೋದು 1000, 1500. ಕೊರತೆ ಇಲ್ಲದವನಿಗೆ ಅದರಲ್ಲಿ ಬಹುಪಾಲು ಮೂತ್ರದಲ್ಲೇ ಹೋಗುತ್ತೆ. ಅದು ಬರೀ ದುಡ್ಡು ದಂಡ. ಆದರೆ ವಿಟಮಿನ್ ಡಿ ಹಾಗಲ್ಲ. 6 ಲಕ್ಷ ಯೂನಿಟ್ಟಿನ ಸೂಜಿ ಅಂದ್ರೆ ದಿನಕ್ಕೆ 600ರ ಲೆಕ್ಕದಲ್ಲಿ 1000 ದಿನದ ಊಟ! ಅದು ಕೊಬ್ಬಿನಲ್ಲಿ ಕೂತುಬಿಡುತ್ತೆ. "ಸೊಂಟ ನೋಯಾಕತ್ತೈತಿ" ಅಂತ ವಾರವಾರ ಚುಚ್ಚಿಕೊಂಡ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಕುತ್ತು.

"ಸಕ್ಕರಿ ಕಾಯಿಲೆಯವರು ಇನ್ಸುಲಿನ್ ತಾವೇ ತಗೋತಾರಲ್ಲ?" ಅಂತೀರಿ. ಹೌದು. ಪರೀಕ್ಷೆ ಮಾಡಿಸಿ, ಕಲಿತು, ಸಣ್ಣ ಸೂಜಿಯಲ್ಲಿ ಚರ್ಮದ ಕೆಳಗೆ ತಗೋತಾರೆ. ಇಂಗ್ಲೆಂಡಿನಲ್ಲಿ ಬಿ12 ತಾವೇ ಚುಚ್ಚಿಕೊಳ್ಳೋರೂ ಇದ್ದಾರೆ, ಅವರಿಗೂ ಮೊದಲು ಕಾಯಿಲೆ ಏನಂತ ಗೊತ್ತಿರುತ್ತೆ. ನಮ್ಮಲ್ಲಿ? ಸೊಂಟ ತಿರುಗಿಸಿ, ಕಾಣದ ಜಾಗಕ್ಕೆ ಅಂದಾಜಿನಲ್ಲಿ ಚುಚ್ಚೋದು. ಅಲ್ಲೇ ಸಯಾಟಿಕ್ ನರ ಹಾದುಹೋಗುತ್ತೆ. ಅದಕ್ಕೆ ತಾಗಿದ್ರೆ ಪಾದ ಎತ್ತೋಕಾಗದೆ ಕಾಲೆಳೆಯೋ ಪಾಡು. ಇನ್ನು ಮನೆಮಂದಿಗೆಲ್ಲ ಒಂದೇ ಸಿರಿಂಜಾದ್ರೆ? 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳಿಂದ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತಿದ್ದು ನೆನಪಿರಲಿ.

ಇನ್ನೊಂದು ವಾದ, ದುಡ್ಡಿನದು. ಇಳಕಲ್ಲಿನ ನೇಕಾರ ಕುಣಿಮಗ್ಗ ಬಿಟ್ಟು ದವಾಖಾನೆಗೆ ಹೋದ್ರೆ ಆ ದಿನದ ಕೂಲಿ ಹೋಯ್ತು. ಇದು ಖರೆ, ಇದಕ್ಕೆ ನಾನು ನಗೋದಿಲ್ಲ. ಆದರೆ ಅದಕ್ಕೇ ಗುಳಿಗೆ ಇರೋದು! 1000 ಮೈಕ್ರೋಗ್ರಾಂ ಗುಳಿಗೆ ನುಂಗಿದ್ರೆ, ಹೊಟ್ಟೆ ಸರಿ ಹೀರದವರಿಗೂ ನೂರಕ್ಕೆ ಒಂದು ಪಾಲು ದಕ್ಕುತ್ತೆ. ಅಂದ್ರೆ 10, ದಿನದ ಅಗತ್ಯದ ನಾಲ್ಕು ಪಟ್ಟು. ನರಕ್ಕೇ ಪೆಟ್ಟು ಬಿದ್ದಿರೋ ತೀವ್ರ ಕೊರತೆಗೆ ಸೂಜಿ ಬೇಕು, ಅದನ್ನ ಡಾಕ್ಟ್ರು ಹೇಳಲಿ.

ಅಸಲು ನಷ್ಟ ಬೇರೆಯೇ ಇದೆ. ಕುಣಿಯಲ್ಲಿ ಕಾಲಿಟ್ಟು ದಿನವಿಡೀ ಬಗ್ಗಿ ಕೂತವನ ಸೊಂಟನೋವು ಬಿ12ಗೆ ಬಗ್ಗಲ್ಲ. ಕಾಲು ಜುಮ್ಮೆನ್ನೋದು ಸಕ್ಕರೆ ಕಾಯಿಲೆಯಿಂದ ಇರಬಹುದು, ಅದಕ್ಕೆ ನುಂಗೋ ಮೆಟ್‌ಫಾರ್ಮಿನ್ನೇ ಬಿ12 ತಗ್ಗಿಸಿರಬಹುದು. ಮೊದಲೇ ಸೂಜಿ ಮಾಡ್ಕೊಂಡು ಆಮೇಲೆ ರಕ್ತ ಕೊಟ್ರೆ ರಿಪೋರ್ಟಿನಲ್ಲಿ ಎಲ್ಲ ಸೊಗಸು! ಕಾಯಿಲೆ ಮಾತ್ರ ಒಳಗೇ ಬೆಳೀತಿರುತ್ತೆ.

ಓದಿಲ್ಲದವರನ್ನ ಬೈದು ಕೈತೊಳೆದುಕೊಳ್ಳೋದು ಸುಲಭ. ಚೀಟಿ ಕೇಳದೆ ಸಿರಿಂಜು ಕೊಡೋ ಅಂಗಡಿಯವರು, "ಸೂಜಿ ಮಾಡ್ಲಿಲ್ಲಂದ್ರ ಪೇಷಂಟ್ ಬರೂದಿಲ್ರಿ" ಅನ್ನೋ ಡಾಕ್ಟ್ರು, ಬೆಂಗಳೂರಿಂದ ಊರಿಗೆ ಬರುವಾಗ ಅಪ್ಪನಿಗೆ ಆಂಪೂಲು ತರೋ ನಮ್ಮಂಥ ಎಂಜಿನಿಯರುಗಳು, ಇವರನ್ನ ಕೇಳೋರು ಯಾರು?

ಈಗಾಗಲೇ ಚುಚ್ಚಿಕೊಂಡವರಿಗೆ ಒಂದು ಮಾತು. ಒಂದೆರಡು ದಿನದ ನೋವು ತಾನೇ ಇಳಿಯುತ್ತೆ. ನೋವು ಏರ್ತಾ ಹೋದ್ರೆ, ಕೆಂಪಗೆ ಬಿಸಿಯಾಗಿ ಬಾತರೆ, ಜ್ವರ ಬಂದ್ರೆ, ಕಾಲು ಜೋಮು ಹಿಡಿದ್ರೆ ತಿಕ್ಕಬೇಡಿ, ಇನ್ನೊಂದು ಸೂಜಿಯೂ ಬೇಡ. ಸೀದಾ ದವಾಖಾನೆಗೆ ಹೋಗಿ.

ಇಷ್ಟಾದ್ರೂ ಮೈ ನೋಯಲೇಬೇಕು ಅನ್ನೋರು ಬಾದಾಮಿಗೆ ಹೋಗಿ ಮೇಣಬಸದಿ ಮೆಟ್ಟಿಲು ಹತ್ತಿ. ಬಿಸಿಲೂ ಸಿಗುತ್ತೆ. ಕೆಳಗಿಳಿದು ರೊಟ್ಟಿ ಜೊತೆ ಒಂದು ಬಟ್ಟಲು ಮೊಸರು ಹೊಡೀರಿ, ಬಿ12 ಅದರಲ್ಲೂ ಇದೆ. ಏನಂತೀರಿ?